ಅಪ್ಪ ಇಳಿಸಿದ್ದ ಮೂರು ತಂತಿ

"ಇದನ್ನ ಹಾಳು ಮಾಡಿದ್ದು ಯಾರು?"

ವಾದ್ಯ ರಿಪೇರಿ ಅಂಗಡಿಯೊಳಗೆ ಕಾಲಿಟ್ಟವಳೇ ಅವಳು ಕೇಳಿದ ಮೊದಲ ಮಾತು ಅದು. ಮುಖದಲ್ಲಿ ಸಿಟ್ಟು ಕುದಿಯುತ್ತಿದ್ದರೂ ಗಿಟಾರನ್ನು ಮಾತ್ರ ನಿದ್ದೆಹೋದ ಮಗುವನ್ನು ಮಲಗಿಸುವಂತೆ ಮೆಲ್ಲಗೆ ಬೆಂಚಿನ ಮೇಲಿಟ್ಟಳು.

ಪಿಟೀಲಿನ ಬಿರುಕಿಗೆ ಅಂಟು ತುಂಬುತ್ತಿದ್ದವನು ತಲೆಯೆತ್ತಿದ. ಮೊಣಕೈವರೆಗೆ ಮರದ ಪುಡಿ, ಕಿವಿಯ ಮೇಲೊಂದು ಪೆನ್ಸಿಲ್ಲು. ಗಿಟಾರನ್ನು ನೋಡಿದ, ಅವಳನ್ನು ನೋಡಿದ.

"ಹಾಳಾಗಿದೆಯಾ? ಹೊಸ ತಂತಿ ಹಾಕಿ, ಶ್ರುತಿ ಮಾಡಿ ಮೊನ್ನೆಯಷ್ಟೇ ಕಳಿಸಿದ್ದೆ."

"ಅದು ಶ್ರುತಿಯಲ್ಲೇ ಇತ್ತು ಕಣ್ರೀ. ನಮ್ಮಪ್ಪ ಮಾಡಿಟ್ಟ ಶ್ರುತಿ. ಅವರು ಹೋಗಿ ಎರಡು ವರ್ಷ ಆಯ್ತು, ಒಬ್ಬರೂ ಆ ತಂತಿ ಬಿಗಿಸೋ ಬಿರಡೆ ಮುಟ್ಟಿರಲಿಲ್ಲ. ನಾನು ಹೊಲಿಗೆಯವಳು. ಅಳತೆ ಕೇಳದೆ ಯಾರ ಬಟ್ಟೆಗೂ ಕತ್ತರಿ ಹಾಕಲ್ಲ. ನೀವು ಹಾಕಿಬಿಟ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಒಂದು ಕೈ ಬೆಂಚಿನ ಡ್ರಾಯರಿನ ಹಿಡಿಯ ಮೇಲೆ ಹೋಯಿತು.

"ಅಮ್ಮನಿಗೆ ಖುಷಿಯಾಗಲಿ ಅಂತ, ಅವಳು ಊರಲ್ಲಿಲ್ಲದಾಗ, ಅವಳಿಗೂ ಹೇಳದೆ ನಾನೇ ತಂದುಕೊಟ್ಟೆ..." ಅವಳು ಗಿಟಾರಿನ ಬಿರಡೆಯೊಂದನ್ನು ಬೆರಳಿನಿಂದ ಸವರಿದಳು.

ಡ್ರಾಯರಿನ ಮೇಲಿದ್ದ ಕೈ ನಿಧಾನವಾಗಿ ಹಿಂದಕ್ಕೆ ಬಂತು.

"ತಪ್ಪಾಯ್ತು," ಎಂದ ಅವನು. ಅಷ್ಟೇ.

ಹಳೆಯ ತಂತಿಗಳನ್ನಾದರೂ ಕೊಡಿ ಎಂದಳು. ಅವು ತುಕ್ಕು ತಿಂದು ಮುರಿಯುವ ಹಾಗಿದ್ದವು, ಕಸಕ್ಕೆ ಹೋದವು ಎಂದ. ಅವಳಿಗೆ ಅವನ ಕಿವಿಯ ಮೇಲಿನ ಪೆನ್ಸಿಲ್ಲನ್ನು ಕಿತ್ತು ಎರಡು ತುಂಡು ಮಾಡಬೇಕೆನಿಸಿತು. ಕೌಂಟರಿನಲ್ಲಿ ಕೂತಿದ್ದ ಅವನ ದೊಡ್ಡಮ್ಮ, ಗಿಟಾರನ್ನು ಇಸಿದುಕೊಂಡು ವಾಪಸು ಕೊಟ್ಟವರು ಅವರೇ, ಕನ್ನಡಕ ಮೂಗಿಗೆ ಇಳಿಸಿಕೊಂಡು ಇಬ್ಬರನ್ನೂ ನೋಡುತ್ತ ಕೂತಿದ್ದರು.

ಅವಳ ಸಿಟ್ಟಿಗೆ ಕಾರಣವಿತ್ತು.

ಅಪ್ಪ ಊರಿಗೆಲ್ಲ ಅಂಚೆ ಹಂಚುತ್ತಿದ್ದವರು. ಪ್ರಾಯದಲ್ಲಿ ಅವರ ಬಳಿ ದುಂಡು ಹೊಟ್ಟೆಗೆ ಚರ್ಮ ಬಿಗಿದ ಒಂದು ಬ್ಯಾಂಜೊ ಇತ್ತಂತೆ. ಚರ್ಮ ಹರಿದು, ಕತ್ತು ಮುರಿದು ಅದು ಮೂಲೆ ಸೇರಿದ ಮೇಲೆ ಹಳೆಯ ಗಿಟಾರೊಂದನ್ನು ತಂದರು. ಗಿಟಾರಿನ ಹೊಟ್ಟೆಯಿಂದ ಬ್ಯಾಂಜೊ ಮಾತಾಡಿಸಲು ಹಟ ಹಿಡಿದು ಕೂತರು. ಕೆಲವು ತಂತಿಗಳ ಶ್ರುತಿ ಇಳಿಸಿದರು, ಬೆರಳಿಗೆ ತಗಡಿನ ಉಗುರು ತೊಟ್ಟರು. ಕೊನೆಗೆ ಹುರಿಯುವ ಕಾಳು ಬಾಣಲೆಯಲ್ಲಿ ಸಿಡಿಯುವ ಹಾಗೆ ನಾದ ಪುಟಿಯತೊಡಗಿತು.

ಅಮ್ಮನಿಗೆ ನುಡಿಸಲು ಬಾರದು. ಆದರೆ ಅಪ್ಪ ಹೋದ ಮೇಲೆ ದಿನಾ ಬೆಳಿಗ್ಗೆ ಗಿಟಾರಿನ ಧೂಳು ಒರೆಸುವಾಗ ಬಟ್ಟೆಯನ್ನು ಆರೂ ತಂತಿಗಳ ಮೇಲೆ ಒಮ್ಮೆ ಎಳೆಯುತ್ತಿದ್ದಳು. ಯಾವ ಬೆರಳೂ ಒತ್ತದಿದ್ದರೂ ಆರು ತಂತಿಗಳೂ ಒಟ್ಟಿಗೆ ತುಂಬಿ ನಗುತ್ತಿದ್ದವು. "ಎದ್ರಾ?" ಎಂದು ಕೇಳಿ ಒಲೆಯ ಕಡೆ ಹೋಗುತ್ತಿದ್ದಳು.

ಮೊನ್ನೆ ಬಟ್ಟೆ ಎಳೆದಾಗ ಬಂದದ್ದು ಯಾರದೋ ಮನೆಯ ದನಿ. ಅಮ್ಮ ಮತ್ತೊಮ್ಮೆ ಎಳೆದು ನೋಡಿದಳು. ಆಮೇಲೆ ಬಟ್ಟೆ ಮಡಿಸಿಟ್ಟಳು.

"ಇರಲಿ ಬಿಡು ಪುಟ್ಟಿ," ಎಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ "ಇರಲಿ ಬಿಡು" ಮಗಳ ಎದೆಯಲ್ಲಿ ಸೂಜಿಯ ಹಾಗೆ ಮುರಿದು ಕೂತಿತು. ಅಂದಿನಿಂದ ಅಮ್ಮ ಆ ಕೋಣೆಗೇ ಹೋಗಿಲ್ಲ.

---

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಮತ್ತೆ ಬಂದಳು. ಅವಳು ಕೆಲಸ ಮಾಡುವ ಬಟ್ಟೆ ಅಂಗಡಿ ಎರಡೇ ಬೀದಿ ಆಚೆ. ಅಲ್ಲಿ ಪ್ಯಾಂಟು ಗಿಡ್ಡ ಮಾಡುವುದು, ಸೊಂಟ ಬಿಗಿ ಮಾಡುವುದು ಅವಳ ಕೆಲಸ.

"ಬಂದ್ಲಪ್ಪ ಕತ್ತರಿ," ಎಂದರು ದೊಡ್ಡಮ್ಮ, ಅವಳಿಗೆ ಕೇಳಿಸುವ ಹಾಗೆಯೇ.

ಅಪ್ಪ ಕೆಲವು ತಂತಿ ಇಳಿಸಿ ಬ್ಯಾಂಜೊ ಹಾಗೆ ನುಡಿಸುತ್ತಿದ್ದರು, ಅದೇ ಶ್ರುತಿ ವಾಪಸು ಬೇಕು ಎಂದಳು. ತಂತಿ ಇಳಿಸುವುದರಲ್ಲೂ ನಾಲ್ಕಾರು ಬಗೆಗಳಿವೆ, ನಿಮ್ಮಪ್ಪ ಯಾವುದನ್ನು ಹಿಡಿದಿದ್ದರೋ ಗೊತ್ತಿಲ್ಲ ಎಂದು ಅವನು ವಿವರಿಸಿದ. ಒಂದೊಂದಾಗಿ ಮಾಡಿ ಮೀಟಿದ. ಅವಳು ಕಣ್ಣು ಮುಚ್ಚಿ ಕೇಳಿದಳು. ಮೊದಲನೆಯದೂ ಸರಿಯೆನಿಸಿತು, ಮೂರನೆಯದೂ ಸರಿಯೆನಿಸಿತು. ಇಪ್ಪತ್ತೈದು ವರ್ಷ ಕೇಳಿದ ದನಿ... ನನಗೇ ಮರೆತುಹೋಯಿತೇ? ಅಮ್ಮನನ್ನೇ ಕರೆತಂದರೆ ಹೇಗೆ ಎಂದು ಅವನು ಕೇಳಿದ್ದೇ ತಡ, ಅವಳು ಉರಿದುಬಿದ್ದಳು. ಅಮ್ಮನ ಮುಂದೆ ಇನ್ನೊಂದು ತಪ್ಪು ದನಿ ಮೀಟಿದರೆ ನಾನು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ ಎಂದಳು.

ಹಾಗೆ ಬೈಯುತ್ತಲೇ ಅವಳ ಕಣ್ಣು ಗಿಟಾರಿನ ತಲೆಯ ಮೇಲೆ ನಿಂತಿತು.

ಹೊಲಿಗೆಯವರ ಕಣ್ಣು ಬೇರೆ. ಹಳೆಯ ಕೋಟು ಕೈಗೆ ಬಂದರೆ ಅದರ ಒಡೆಯ ಯಾವ ಕೈಯೂರಿ ಕೂರುತ್ತಿದ್ದ, ಯಾವ ಜೇಬಿಗೆ ಕೀಲಿಕೈ ಹಾಕುತ್ತಿದ್ದ ಎಂದು ಸವೆದ ನೂಲೇ ಹೇಳಿಬಿಡುತ್ತದೆ.

"ಈ ಮೂರು ಬಿರಡೆ ನೋಡಿ," ಎಂದಳು. "ಹೊಳಪು ಹೋಗಿ ಒಳಗಿನ ಲೋಹ ಕಾಣ್ತಿದೆ. ಮಿಕ್ಕ ಮೂರು ಹೊಸದರ ಹಾಗಿವೆ. ಭಾನುವಾರ ಓಣಿ ಮಕ್ಕಳಿಗೆ ಮಾಮೂಲಿ ಶ್ರುತಿಯಲ್ಲಿ ಪಾಠ ಹೇಳಿಕೊಡ್ತಿದ್ರು ಅಪ್ಪ. ಆಗ ಏರಿಸೋದು, ಆಮೇಲೆ ಇಳಿಸೋದು... ತಿರುಗಿಸಿದ್ದು ಇವನ್ನೇ."

ಅವನು ಬಗ್ಗಿ ನೋಡಿದ. ಎಲ್ಲಕ್ಕಿಂತ ತೆಳುವಾದ ಒಂದನೆಯ ತಂತಿ, ದಪ್ಪನೆಯ ಐದನೆಯದು, ಆರನೆಯದು. ಮೂರನ್ನೂ ಒಂದೊಂದು ಸ್ವರ ಇಳಿಸಿದ. ಬೆಂಚಿನ ಮೇಲಿನ ಒರೆಸುವ ಬಟ್ಟೆಯನ್ನು ಎತ್ತಿ ಅವಳ ಕೈಗೆ ಕೊಟ್ಟ.

ಅವಳು ಎಳೆದಳು.

ಆರು ತಂತಿಗಳೂ ನಕ್ಕವು.

ಅವಳು ಗೋಡೆಯ ಕಡೆ ತಿರುಗಿ ನಿಂತಳು. ದೊಡ್ಡಮ್ಮ ಏಳಲು ಹೋದರೆ ಅವನು ಬೇಡವೆಂದು ಕಣ್ಣಲ್ಲೇ ತಡೆದ.

"ಇಷ್ಟಕ್ಕೇ ನಿಮ್ಮ ತಪ್ಪು ತೀರಲ್ಲ," ಎಂದಳು ತಿರುಗಿ, ಮೂಗು ಒರೆಸಿಕೊಂಡು. "ಅಪ್ಪ ಹೇಗೆ ನುಡಿಸ್ತಿದ್ರೋ ಹಾಗೆ ನನಗೆ ಕಲಿಸಬೇಕು. ಅಮ್ಮನ ಮುಂದೆ ಬರಿಗೈಲಿ ಹೋಗಲ್ಲ ನಾನು."

---

ಪಾಠ ಶುರುವಾಯಿತು. ಪಾಠವೆಂದರೆ ದಿನಕ್ಕೊಂದು ಜಗಳ.

ಹೆಬ್ಬೆರಳಿಗೊಂದು ಪ್ಲಾಸ್ಟಿಕ್ ಉಗುರು, ತೋರುಬೆರಳಿಗೂ ನಡುಬೆರಳಿಗೂ ತಗಡಿನದು. ಹೊಲಿಯುವಾಗ ಬೆರಳಿಗೆ ಟೋಪಿ ತೊಟ್ಟು ರೂಢಿಯಿದ್ದವಳಿಗೆ ತೊಡುವುದು ಕಷ್ಟವಾಗಲಿಲ್ಲ. ಹೆಬ್ಬೆರಳು, ತೋರು, ನಡು. ಹೆಬ್ಬೆರಳು, ತೋರು, ನಡು. ಹೆಬ್ಬೆರಳು, ನಡು. ಮೂರು, ಮೂರು, ಎರಡು... ಎಂಟು ಮೀಟಿಗೆ ಒಂದು ಸುತ್ತು. ಸುತ್ತು ಮುಗಿಯುವುದು ಗೊತ್ತಾಗದ ಹಾಗೆ ಮುಂದಿನದು ಶುರುವಾಗಬೇಕು.

ಅವಳ ಹೆಬ್ಬೆರಳು ಪ್ರತಿ ಸಲ ಬಡಿಗೆಯ ಹಾಗೆ ಬೀಳುತ್ತಿತ್ತು. ಅದರ ಜೊತೆಗೆ ಒಂದೇ ತಂತಿಯನ್ನು ಬಿಡದೆ ಮೀಟುವ ಚಟ.

"ಅದೇ ತಂತಿಗೆ ಮತ್ತೆ ಮತ್ತೆ ಹೊಡೀಬೇಡಿ," ಎಂದ ಅವನು. "ಹೊಡೆದ ಕೂಡಲೇ ಮೊದಲಿನ ದನಿ ಸತ್ತುಹೋಗತ್ತೆ. ಮುಂದಿನ ಸ್ವರ ಪಕ್ಕದ ತಂತಿಯಲ್ಲಿ ಹುಡುಕಿ. ಒಂದು ಇನ್ನೂ ಮೊಳಗ್ತಿರುವಾಗಲೇ ಇನ್ನೊಂದು ಸೇರಿಕೊಳ್ಳಬೇಕು. ಬ್ಯಾಂಜೊ ಜೀವ ಇರೋದೇ ಅಲ್ಲಿ."

"ಬೇರೆಯವರ ತಂತಿ ಕಿತ್ತು ಎಸೆಯೋವಾಗ ಈ ಬುದ್ಧಿ ಎಲ್ಲಿತ್ತು?"

ದಿನವೂ ಹೀಗೇ. ಅವಳು ಚುಚ್ಚುವಳು, ಅವನು ನುಂಗಿಕೊಳ್ಳುವನು. ಗಿರಾಕಿಗಳ ಎದುರೂ ಒಮ್ಮೆ, ಇವರ ಕೈಗೆ ವಾದ್ಯ ಕೊಡುವ ಮುಂಚೆ ಯೋಚನೆ ಮಾಡಿ ಎಂದುಬಿಟ್ಟಳು. ಅವತ್ತು ದೊಡ್ಡಮ್ಮನ ಮುಖ ಕೆಂಪಾಯಿತು. ಅವನು ಮಾತ್ರ ಅವಳ ಮಣಿಕಟ್ಟನ್ನು ತುಸು ಮೇಲೆತ್ತಿ, "ಈಗ ಇನ್ನೊಂದು ಸಲ," ಎಂದ.

ಆ ಸ್ಪರ್ಶ ಸಂಜೆಯವರೆಗೂ ಮಣಿಕಟ್ಟಿನ ಮೇಲೆ ಇತ್ತು. ಒಬ್ಬರ ಗೌನಿನ ತೋಳನ್ನು ತಿರುವುಮುರುವು ಹೊಲಿದು ಮತ್ತೆ ಬಿಚ್ಚಬೇಕಾಯಿತು. ಅದಕ್ಕೂ ಅವಳು ಅವನನ್ನೇ ಬೈದುಕೊಂಡಳು.

ಐದನೆಯ ವಾರ ಸುತ್ತು ಕೂಡಿಬಂತು. ಅಪ್ಪನ ಒಂದು ತುಣುಕು, ಸೈಕಲ್ಲಿಳಿದು ಮೆಟ್ಟಿಲು ಹತ್ತುವಾಗ ಬಾಯಲ್ಲಿ ಗುನುಗುತ್ತಿದ್ದದ್ದು, ಬೆರಳಿಗೆ ತಾನಾಗಿ ಸಿಕ್ಕಿತು. ಮರೆಯುವ ಮುಂಚೆ ಬರೆದಿಡಲು ಪೆನ್ಸಿಲ್ ಹುಡುಕಿದಳು. ಅವನು ಒಳಗೆ ಅಂಟು ಕಾಯಿಸುತ್ತಿದ್ದ. ಬೆಂಚಿನ ಡ್ರಾಯರ್ ಎಳೆದಳು.

ಮೇಲೆಯೇ ಒಂದು ರಿಪೇರಿ ಚೀಟಿ ಇತ್ತು. ಧೂಳು ತೆಗೆಯುವುದು, ಹೊಸ ತಂತಿ, ಶ್ರುತಿ, ಪಾಲಿಶ್. ನಾಲ್ಕೂ ಚೌಕಗಳಲ್ಲಿ ನೀಲಿ ಗುರುತು. ಹೊಲಿಗೆಯ ನೀಲಿ ಪೆನ್ಸಿಲ್ಲಿನದು.

ಕೆಳಗೆ ಅವಳದೇ ಸಹಿ.

ಅವಳ ಅಂಗಡಿಯಲ್ಲಿ ಗಿರಾಕಿ ಬಂದ ಕೂಡಲೇ ಎಲ್ಲ ಚೌಕಕ್ಕೂ ಗುರುತು ಹಾಕಿ, ಬೇಡದ್ದನ್ನು ಆಮೇಲೆ ಹೊಡೆದುಹಾಕುವುದು ರೂಢಿ. ಗಿಟಾರು ಕೊಟ್ಟ ದಿನ ಬೇಕಿದ್ದದ್ದು ಧೂಳು ತೆಗೆದು ಪಾಲಿಶ್ ಮಾಡುವುದಷ್ಟೇ, ಆದರೆ ಬಿಡುವು ಮುಗಿಯುತ್ತಿತ್ತು... ಕೈ ತನ್ನ ಪಾಡಿಗೆ ಗುರುತು ಹಾಕಿತ್ತು. ಹೊಡೆದುಹಾಕುವುದನ್ನು ಅವಳು ಮರೆತಿದ್ದಳು.

ಅಳತೆ ಕೊಟ್ಟವಳೇ ನಾನು. ಕತ್ತರಿಯೂ ನಾನೇ.

ಅಂಟಿನ ಪಾತ್ರೆ ಹಿಡಿದು ಬಂದವನು ಅವಳ ಕೈಯಲ್ಲಿದ್ದ ಚೀಟಿ ನೋಡಿ ಬಾಗಿಲಲ್ಲೇ ನಿಂತ.

"ಯಾಕೆ ತೋರಿಸಲಿಲ್ಲ?"

"ಅವತ್ತು ತೋರಿಸೋಕೇ ಕೈ ಹಾಕಿದ್ದೆ. ಅಮ್ಮನಿಗೆ ಖುಷಿಯಾಗಲಿ ಅಂತ ತಂದೆ ಅಂದ್ರಿ. ಆ ಮಾತು ಕೇಳಿದ ಮೇಲೆ ಚೀಟಿ ತೆಗೆಯೋಕೆ ಮನಸ್ಸು ಬರಲಿಲ್ಲ." ಅವನು ತಡೆದು, "ತಪ್ಪು ನನ್ನದೂ ಇದೆ. ತಂತಿ ಬಿಚ್ಚೋ ಮೊದಲು ಒಂದು ಸಲ ಮೀಟಿ ಕೇಳಬೇಕಿತ್ತು. ಸಡಿಲವಾಗಿದೆ ಅಂದುಕೊಂಡು ಬಿಚ್ಚಿಬಿಟ್ಟೆ."

"ಐದು ವಾರ!" ಅವಳು ಚೀಟಿಯನ್ನು ಬೆಂಚಿನ ಮೇಲೆ ಬಡಿದಳು. "ಐದು ವಾರ ನನ್ನ ಬಾಯಿಗೆ ಬಂದಿದ್ದೆಲ್ಲ ಕೇಳಿಸ್ಕೊಂಡು ನಿಂತಿದ್ರಿ. ಎಂಥಾ ಪೆದ್ದಿ ಇವಳು ಅಂತ ಒಳಗೊಳಗೇ ನಗ್ತಿದ್ರಾ? ನನ್ನ ತಪ್ಪು ಹೊತ್ಕೊಳ್ಳಿ ಅಂತ ನಿಮ್ಮನ್ನ ಕೇಳಿದ್ದು ಯಾರು?"

"ಯಾರೂ ಕೇಳಲಿಲ್ಲ. ನಿಮಗೆ ಬೈಯೋಕೆ ಒಬ್ಬರು ಬೇಕಿತ್ತು. ನಾನಿಲ್ಲದಿದ್ರೆ ನಿಮ್ಮನ್ನ ನೀವೇ ಬೈಕೊಳ್ತಿದ್ರಿ. ಅದು ನನ್ನಿಂದ ನೋಡೋಕಾಗ್ತಿರಲಿಲ್ಲ."

ಅವಳು ಗಿಟಾರನ್ನು ಎತ್ತಿಕೊಂಡು ಹೊರಟುಹೋದಳು. ಬೆರಳಿನ ಉಗುರುಗಳನ್ನು ಬಿಚ್ಚಲೂ ಇಲ್ಲ.

---

ಒಂಬತ್ತು ದಿನ ಅವಳು ಆ ಬೀದಿಗೆ ಕಾಲಿಡಲಿಲ್ಲ. ಗಿಟಾರು ಪೆಟ್ಟಿಗೆಯಲ್ಲೇ ಇತ್ತು. ತನ್ನ ಮೇಲಿನ ಸಿಟ್ಟು, ಅವನ ಮೇಲಿನ ಸಿಟ್ಟು, ಯಾವುದು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆಂದು ತಿಳಿಯದೆ ಮನೆಯ ಪಾತ್ರೆಗಳ ಮೇಲೆ ತೀರಿಸಿಕೊಂಡಳು.

ಹತ್ತನೆಯ ಬೆಳಿಗ್ಗೆ ಅಮ್ಮ ಹಿಟ್ಟು ಕಲಸುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟಳು. ಚೀಟಿ, ನೀಲಿ ಗುರುತು, ತಾನು ಆಡಿದ ಮಾತುಗಳು. ಹೇಳುತ್ತ ಹೇಳುತ್ತ ಹೋಗಿ ಗಿಟಾರು ತಂದು, ನೆಲದ ಮೇಲೆ ಕೂತು, ಸಿಟ್ಟಿನಲ್ಲೇ ಸುತ್ತು ಹಿಡಿದಳು. ಹೆಬ್ಬೆರಳು, ತೋರು, ನಡು. ಒಂದು ದನಿ ಆರುವ ಮೊದಲೇ ಪಕ್ಕದ್ದು ಸೇರಿತು. ಅಪ್ಪ ಸೈಕಲ್ಲಿಳಿದರು. ಮೆಟ್ಟಿಲು ಹತ್ತಿದರು.

ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಎದುರು ಕೂತಳು. ಮುಗಿಯುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು.

"ಹೆಬ್ಬೆರಳು ಜೋರಾಯ್ತು," ಎಂದಳು. "ನಿಮ್ಮಪ್ಪಂದೂ ಹಾಗೇ. ನನ್ನ ಮೇಲೆ ಮುನಿಸಿಕೊಂಡಾಗಲೇ ಚೆನ್ನಾಗಿ ನುಡಿಸ್ತಿದ್ರು." ಆಮೇಲೆ ಮೊಣಕೈಯಿಂದ ಮಗಳನ್ನು ತಿವಿದಳು. "ಇಷ್ಟು ಕಲಿಸಿದೋನಿಗೆ ಬೈದು ಬಂದು ಒಂಬತ್ತು ದಿನ ಆಯ್ತಾ? ಅವನು ಉಂಡನೋ ಬಿಟ್ಟನೋ ನೋಡ್ಕೊಂಡು ಬಾ ಹೋಗು."

---

ಮಧ್ಯಾಹ್ನ ಅವಳು ಅಂಗಡಿಗೆ ಬಂದಾಗ ದೊಡ್ಡಮ್ಮ, ಒಳಗೆ ಬಾ ಕತ್ತರಿ ಎಂದವರೇ ತಮಗೇನೋ ಕೆಲಸವಿದೆಯೆಂದು ಹಿಂದಿನ ಕೋಣೆಗೆ ಹೋದರು. ಕೆಲಸವೇನೂ ಇರಲಿಲ್ಲ.

ಅವನು ಅದೇ ಬೆಂಚಿನ ಹಿಂದೆ ಇದ್ದ. ಗಡ್ಡ ಬೆಳೆದಿತ್ತು. ಅವಳು ಕೌಂಟರಿನಿಂದ ಒಂದು ಚೀಟಿ ಹರಿದು, ನೀಲಿ ಪೆನ್ಸಿಲ್ ತೆಗೆದು, ಒಂದೊಂದೇ ಚೌಕವನ್ನು ಓದಿದಳು. ಈ ಸಲ ಅವಸರ ಮಾಡಲಿಲ್ಲ. ಕೆಳಗಿನ "ಇತರೆ" ಎಂಬ ಒಂದಕ್ಕೆ ಮಾತ್ರ ಗುರುತು ಹಾಕಿ, ಪಕ್ಕದಲ್ಲಿ ಬರೆದು, ಅವನ ಮುಂದಕ್ಕೆ ತಳ್ಳಿದಳು.

ಅವನು ಓದಿದ. "ಕಲಿಸಿದವರು ಮನೆಗೆ ಬರಬೇಕು. ಅಮ್ಮ ನೋಡಬೇಕಂತೆ. ನಾನೂ ಅವರನ್ನು ದಿನಾ ನೋಡಬೇಕು."

ಅವನ ಕಿವಿಯ ಮೇಲಿನ ಪೆನ್ಸಿಲ್ಲು ಜಾರಿ ಬೆಂಚಿನ ಕೆಳಗೆ ಉರುಳಿತು. ಇಬ್ಬರೂ ಅದನ್ನು ಎತ್ತಿಕೊಳ್ಳಲಿಲ್ಲ.

"ಇನ್ನೂ ಸಿಟ್ಟಿದೆಯಾ?" ಎಂದ ಮೆಲ್ಲಗೆ.

"ಇದೆ. ಪೂರ್ತಿ ಇಳಿಯೋಕೆ ಬಹಳ ವರ್ಷ ಬೇಕು."

ಅವನು ನಗು ತಡೆದು ಚೀಟಿಯನ್ನು ಮತ್ತೊಮ್ಮೆ ಮೇಲಿಂದ ಕೆಳಗೆ ನೋಡಿದ.

"ವಾಪಸ್ ಕೊಡೋ ದಿನಾಂಕ ಬರೆದೇ ಇಲ್ಲ..."

"ಬೇಕಂತಲೇ ಬಿಟ್ಟಿದ್ದೀನಿ," ಎಂದಳು ಅವಳು.