ರೀಸೆಟ್ ಒತ್ತುವ ಮುನ್ನ

“ಹೋಗ್ಬೇಡಿ,” ಎಂದ ಮಹಡಿ ಮನೆಯವನು.

ಕಾರಿನ ಬಾಗಿಲಿಗೆ ಕೈ ಹಾಕಿದ್ದ ಅವಳ ಎದೆ ಝಲ್ಲೆಂದಿತು. ಅವನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮೆಟ್ಟಿಲ ಮೇಲೆ ಎದುರಾದಾಗೆಲ್ಲ ನಕ್ಕು, ಗೋಡೆಗೊತ್ತಿ ನಿಂತು ದಾರಿ ಬಿಡುವುದಷ್ಟೇ ಅವನಿಗೆ ಗೊತ್ತು. ಅಮ್ಮ ಅವನಿಗಿಟ್ಟ ಹೆಸರು ಮೌನಿಬಾಬಾ. ಹೊಸ ಊರಿನ ಕಣ್ಣಾಸ್ಪತ್ರೆಯ ಕೆಲಸಕ್ಕೆ ಅವಳು ಗಂಟುಮೂಟೆ ಕಟ್ಟಿ ಹೊರಟು ನಿಂತ ಈ ಬೆಳಿಗ್ಗೆ ಅಂಥವನು ಬಾಯಿ ಬಿಟ್ಟಿದ್ದ.

“ಯಾಕೆ?” ಎಂದಳು ಮೆಲ್ಲಗೆ.

“ಟಯರು.”

ಹಿಂದಿನ ಸೀಟಿನಲ್ಲಿ ಅಮ್ಮ ಕಿಸಕ್ಕನೆ ನಕ್ಕಳು.

ನಿನ್ನೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಿತ್ತು. ಕುದುರೆ ಲಾಳದಂಥ ಗೆರೆ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಇದೇನು ನೋಡಿ ಎಂದು ಅವನನ್ನೇ ಕರೆದಿದ್ದಳು. ಅವನು ಸ್ಟೀರಿಂಗ್ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಿದ್ದ. ದೀಪ ಆರಿತ್ತು. “ಆಯ್ತು,” ಎಂದವನೇ ಮೆಟ್ಟಿಲೇರಿ ಹೋಗಿಬಿಟ್ಟಿದ್ದ. ನನ್ನನ್ನು ಸಾಗಹಾಕಲು ಇಷ್ಟೊಂದು ಆತುರವೇ ಎಂದು ಅವಳ ಮನಸ್ಸು ಮುದುಡಿಹೋಗಿತ್ತು.

“ನಿನ್ನೆ ನಾನು ಎಡವಟ್ಟು ಮಾಡ್ದೆ,” ಎಂದ ಈಗ. “ಗಾಳಿ ನೋಡ್ದೇನೇ ರೀಸೆಟ್ ಮಾಡ್ಬಿಟ್ಟೆ. ಒತ್ತೋ ಹೊತ್ತಿಗೆ ಟಯರಲ್ಲಿ ಎಷ್ಟು ಗಾಳಿ ಇರುತ್ತೋ ಅದನ್ನೇ ಸರಿ ಅಂದ್ಕೊಳ್ಳುತ್ತೆ ಈ ಕಾರು. ಕಮ್ಮಿ ಇದ್ರೂ ಅದಕ್ಕೆ ಅದೇ ಸರಿ. ಹಾಗಾಗಿ ಎಚ್ಚರಿಸೋದಿಲ್ಲ. ಈಗಷ್ಟೇ ಓದಿ ತಿಳ್ಕೊಂಡೆ.”

“ಅಬ್ಬಬ್ಬಾ! ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ರಪ್ಪಾ?” ಎಂದಳು ಅಮ್ಮ.

ಅವನು ಮೊಣಕಾಲೂರಿ ಒಂದೊಂದೇ ಟಯರಿಗೆ ಗಾಳಿ ಅಳೆಯುವ ಗೇಜ್ ಹಿಡಿದ. ಹಿಂದಿನ ಎಡಗಡೆಯದರಲ್ಲಿ ಗಾಳಿ ಅರ್ಧಕ್ಕಿಳಿದಿತ್ತು. ರಬ್ಬರಿನೊಳಗೆ ಮೊಳೆಯ ತಲೆ ಮಿನುಗುತ್ತಿತ್ತು.

“ಹೈವೇಲಿ ಏನಾದ್ರೂ...” ಎಂದವನ ಮಾತು ಅಲ್ಲೇ ನಿಂತಿತು. ಅಂಟು ಒಣಗಿದ ಬೆರಳುಗಳಿಂದ ಮಿಕ್ಕ ಮೂರು ಟಯರುಗಳನ್ನೂ ಅವನು ಮತ್ತೊಮ್ಮೆ ತಡವಿ ನೋಡಿದ. ಮುದುಡಿದ್ದ ಅವಳ ಮನಸ್ಸು ಸದ್ದಿಲ್ಲದೆ ಅರಳಿತು.

ಸ್ಟೆಪ್ನಿ ಹಾಕಿದ್ದಾಯಿತು. ಟಯರು ತಣ್ಣಗಿರುವಾಗಲೇ, ಬಾಗಿಲಂಚಿನ ಸ್ಟಿಕ್ಕರ್‌ನಲ್ಲಿದ್ದ ಅಳತೆ ನೋಡಿ, ನಾಲ್ಕಕ್ಕೂ ಕಾಲುಪಂಪಿನಿಂದ ಗಾಳಿ ತುಂಬಿದ್ದಾಯಿತು. “ಈಗ ಗುಂಡಿ ನೀವೇ ಒತ್ತಿ ಹಿಡೀರಿ,” ಎಂದ. ದೀಪ ಒಮ್ಮೆ ಮಿನುಗಿ ಆರಿತು.

“ಮುಗೀತಾ?”

“ಇಲ್ಲ. ಸ್ವಲ್ಪ ದೂರ ಓಡಿಸ್ಬೇಕು. ಆಗಲೇ ಅದು ಕಲಿಯೋದು.”

ಅಮ್ಮ ಸೊಂಟ ಹಿಡಿದುಕೊಂಡು ಕೆಳಗಿಳಿದಳು. “ಕಾರಿಗೆ ಪಾಠ ಹೇಳೋ ವಯಸ್ಸಲ್ಲಮ್ಮ ನಂದು. ನೀವಿಬ್ರೇ ಕಲಿಸ್ಕೊಂಡು ಬನ್ನಿ.”

ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೀದಿಯ ತಿರುವು ದಾಟಿದ ಮೇಲೆ ಅವಳು ಕೇಳಿದಳು.

“ನಿನ್ನೆ ಅಷ್ಟು ಬೇಗ ಎದ್ದು ಹೋದ್ರಲ್ಲ, ನಾನು ತೊಲಗಿದ್ರೆ ಸಾಕಾಗಿತ್ತಾ?”

“ಇನ್ನೊಂದು ಗಳಿಗೆ ಕೂತಿದ್ರೆ ಹೋಗ್ಬೇಡಿ ಅಂದುಬಿಡ್ತಿದ್ದೆ,” ಎಂದ ಅವನು ಕಿಟಕಿಯಾಚೆ ನೋಡುತ್ತ. “ಆ ಕೆಲಸಕ್ಕೆ ನೀವು ಎಷ್ಟು ಕಷ್ಟಪಟ್ಟು ಓದಿದ್ರಿ ಅಂತ ನನಗೆ ಗೊತ್ತು. ನಾನು ಅಡ್ಡ ಬರಬಾರದು ಅಂತ ಎದ್ದುಹೋದೆ.”

“ಇವತ್ತು ಅಂದ್ರಲ್ಲ?”

“ಟಯರಿಗೋಸ್ಕರ ಅಂದೆ. ನೀವು ಹೋಗ್ಲೇಬೇಕು.” ತಡೆದು ಕೇಳಿದ, “ನಾನೂ ಬರ್ಲಾ? ಕೈಯಲ್ಲಿರೋ ಕೆಲಸ ಮುಗಿಸ್ಕೊಂಡು? ಹರಿದ ಪುಸ್ತಕ ಆ ಊರಲ್ಲೂ ಇರ್ತವಲ್ಲ.”

ಅವಳು ಕಾರನ್ನು ರಸ್ತೆಬದಿಗೆ ತಂದು ನಿಲ್ಲಿಸಿದಳು. ಊರಿನವರ ಕಣ್ಣು ಪರೀಕ್ಷೆ ಮಾಡುವವಳಿಗೆ ಎದುರಿನ ರಸ್ತೆಯೇ ಮಸುಕಾಗಿತ್ತು. ಅವಳ ಒಳಿತಿಗಾಗಿ ಒಬ್ಬ ಮನುಷ್ಯ ಇಷ್ಟು ದಿನ ಮಾತು ನುಂಗಿಕೊಂಡಿದ್ದ. ಅವಳ ಪ್ರಾಣಕ್ಕೇನಾದೀತೋ ಎಂದು ಹೆದರಿ ಇವತ್ತು ಮೆಟ್ಟಿಲಿಳಿದು ಓಡಿಬಂದಿದ್ದ. ಥ್ಯಾಂಕ್ಸ್ ಎನ್ನಲು ಹೋದಳು. ಆ ಪದ ತೀರಾ ಪುಟ್ಟದೆನಿಸಿತು.

“ದೀಪದ ವಿಷಯ ಮೆಕ್ಯಾನಿಕ್‌ನ ಕೇಳ್ಬಹುದಿತ್ತು,” ಎಂದಳು. “ನಮ್ಮ ಬೀದೀಲೇ ಇದ್ದಾನೆ.”

ಅವನು ತಿರುಗಿ ನೋಡಿದ.

“ಮತ್ಯಾಕೆ ನನ್ನ ಕರೆದ್ರಿ?”

“ನಾನೂ ಬರ್ಲಾ ಅಂತ ನೀವು ಕೇಳ್ತೀರೇನೋ ಅಂದ್ಕೊಂಡು,” ಎಂದಳು ಅವಳು. ಗೇರಿನ ಮೇಲಿದ್ದ ಅವಳ ಕೈಯ ಮೇಲೆ, ಅನುಮತಿ ಬೇಡುವಂತೆ, ಅವನ ಒರಟು ಅಂಗೈ ಬಂದು ಕೂತಿತು. ಅವಳು ಬೆರಳುಗಳನ್ನು ಹೆಣೆದುಕೊಂಡಳು.