ಅತ್ತೆಗೆ ಹೇಳಿದ ನಾಳೆ

ಕಂಪ್ಯೂಟರ್ ಜೋಡಿಸಿಕೊಡುವುದು ನನ್ನ ಕಸುಬು. ಇಲ್ಲದ್ದನ್ನು ಕಟ್ಟಿ ಹೇಳಲು ನನಗೆ ಪುರುಸೊತ್ತಿಲ್ಲ. ಅತ್ತೆಯ ಕಸೂತಿ ವಿನ್ಯಾಸದ ಪ್ರೋಗ್ರಾಂ ಹಳೇ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ ಓಡುತ್ತಿತ್ತು. ಅವರ ಕಂಪ್ಯೂಟರ್ ಕೆಟ್ಟಾಗ, ಹೊಸದನ್ನು ಜೋಡಿಸಿ ಅದಕ್ಕೂ ಆ ಹಳೇ ಸಿಸ್ಟಮನ್ನೇ ಹಾಕಿಕೊಡುತ್ತೇನೆಂದು ಮಾತು ಕೊಟ್ಟೆ.

“ಏನಮ್ಮ, ಊರವರಿಗೆಲ್ಲ ಜೋಡಿಸ್ಕೊಡ್ತೀಯ, ಮನೆ ಮುದುಕಿಗೆ ಮಾತ್ರ ನಾಳೆನಾ?” ಎಂದು ಅತ್ತೆ ನಗುತ್ತಿದ್ದರು. ಅರ್ಧ ದಿನದ ಕೆಲಸಕ್ಕೆ ಎಂಟು ತಿಂಗಳು ನಾಳೆ ಎಂದೆ. ಅಷ್ಟರಲ್ಲಿ ಅವರು ತೀರಿಕೊಂಡೇಬಿಟ್ಟರು.

ಮನಸ್ಸು ಕೊರೆಯುವುದನ್ನು ತಾಳಲಾರದೆ ಒಂದು ಮಧ್ಯಾಹ್ನ ಹೊಸ ಬಿಡಿಭಾಗ ಜೋಡಿಸಿ, ಖಾಲಿ ಡಿಸ್ಕಿಗೆ ಹಳೇ ಸಿಸ್ಟಮ್ ಹಾಕಲು ಕೂತೆ. ಮೊದಲ ಪರದೆಯಲ್ಲೇ ಕೀಬೋರ್ಡ್, ಮೌಸ್ ಎರಡೂ ಸ್ತಬ್ಧವಾದವು. ಹೊಸ ಬೋರ್ಡಿನ ಯುಎಸ್‌ಬಿ ಹಳೇ ಸಿಸ್ಟಮ್‌ಗೆ ಗೊತ್ತಾಗುವುದಿಲ್ಲ, ಅದು ಮಾಮೂಲಿ. ಎರಡನ್ನೂ ಕಿತ್ತು ಕಂಕುಳಲ್ಲಿಟ್ಟುಕೊಂಡು, ಪಕ್ಕದ ಕೋಣೆಯಲ್ಲಿ ಅರ್ಧ ಗಂಟೆ ಹುಡುಕಿ, ಹಳೇ ಸಿಸ್ಟಮ್‌ಗೆ ಗೊತ್ತಾಗುವ ದುಂಡು ಪಿನ್ನಿನ ಕೀಬೋರ್ಡ್ ತಂದೆ. ಅಷ್ಟರಲ್ಲಿ, ಗುಂಡಿ ಒತ್ತದೆ ಮುಂದೆ ಸಾಗದ ಪರದೆ ಮೂರು ಹಂತ ಮುಂದೆ ಹೋಗಿತ್ತು. ಕೂತರೆ ಕುರ್ಚಿ ಬೆಚ್ಚಗಿತ್ತು.

“ಏನಾದ್ರೂ ಒತ್ತಿದ್ಯೇನೇ?” ಎಂದು ಬಾಗಿಲಲ್ಲಿದ್ದ ಮಗಳನ್ನು ಗದರಿದೆ.

“ಏನನ್ನಮ್ಮಾ ಒತ್ತೋದು? ಎಲ್ಲಾ ನಿನ್ ಕಂಕುಳಲ್ಲೇ ಇದೆಯಲ್ಲ!”

ಸಂಜೆಗೆ ಕೆಲಸ ಮುಗಿಯಿತು. ಯುಎಸ್‌ಬಿ ಗುರುತಿಸುವ ಡ್ರೈವರ್ ಹಾಕಿ ಮೌಸ್ ಸಿಕ್ಕಿಸಿದೆ. ಎಡಗುಂಡಿ ಒತ್ತಿದರೆ ಬಲಗುಂಡಿಯ ಕೆಲಸವಾಗುತ್ತಿತ್ತು. ಎಡಗೈಯವರಿಗೆಂದು ಗುಂಡಿಗಳನ್ನು ಹಾಗೆ ಅದಲುಬದಲು ಮಾಡುವ ಸೆಟ್ಟಿಂಗನ್ನು ನಾನು ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಿದ್ದವರು ಅತ್ತೆ ಒಬ್ಬರೇ.