ಮಡಚಿದ ಹಾಳೆ, ಹಸಿರು ಬೊಟ್ಟು

ಬಿರುಕು ಬಿಟ್ಟ ವಾಲ್ವಿನ ಮೇಲೆ ಹಸಿರು ಬೊಟ್ಟಿತ್ತು. ಹಸಿರೆಂದರೆ ಪಾಸು. ಒಂದಲ್ಲ, ಎರಡಲ್ಲ, ಆ ವಾರ ನಲವತ್ತಮೂರು!

೧೯೮೩ರ ಪೀಣ್ಯ. ಬಾಯ್ಲರ್ ವಾಲ್ವಿನ ಕಾರ್ಖಾನೆ. ಪ್ರತಿ ವಾಲ್ವನ್ನೂ ಮೊದಲು ವೆಂಕಟಮ್ಮ, ಆಮೇಲೆ ಚಿನ್ನಪ್ಪ ನೋಡಿ ಬೊಟ್ಟಿಡಬೇಕು. ಗೀರಿದ್ದರೆ ಹಳದಿ, ರಿಪೇರಿಗೆ; ಬಿರುಕಿದ್ದರೆ ಕೆಂಪು, ಗುಜರಿಗೆ. ವೆಂಕಟಮ್ಮ ಹಸಿರಿಟ್ಟ ಆ ನಲವತ್ತಮೂರಕ್ಕೂ ಚಿನ್ನಪ್ಪ ಕೆಂಪಿಟ್ಟಿದ್ದ.

"ಕಣ್ಣು ಮಂಜಾಗಿದೆ ಕಣಮ್ಮ ನಿಂಗೆ. ಸಂಜೆಯಿಂದ ಕೆಲ್ಸ ಇಲ್ಲ," ಎಂದರು ಮ್ಯಾನೇಜರ್ ನರಸಿಂಹಯ್ಯ.

"ಈಗ್ಲೂ ಸೂಜಿಗೆ ನಾನೇ ದಾರ ಪೋಣಿಸ್ತೀನಿ ಸಾ. ಅಂಗನ್ಬೇಡಿ..." ವೆಂಕಟಮ್ಮನ ದನಿ ಒಡೆಯಿತು.

ದಾಖಲೆ ಬರೆಯುವ ಅನುಸೂಯಮ್ಮನಿಗೆ ಮೈ ಉರಿಯಿತು. ಚಿನ್ನಪ್ಪನೇ ಹಗೆ ಸಾಧಿಸುತ್ತಿದ್ದಾನೆಯೇ? ವಾಲ್ವುಗಳನ್ನು ತಾನೇ ತಿರುಗಿಸಿ ನೋಡಿದಳು. ಬಿರುಕು ನಿಜ. ಚಿನ್ನಪ್ಪ ಸಾಚಾ.

*

ಊಟ ಬಿಟ್ಟು ಅನುಸೂಯಮ್ಮ ಚೌಕಾಬಾರದ ಹಾಗೆ ಮನೆಗಳನ್ನು ಬರೆದಳು. ಮೂರು ಸಾಲು ವೆಂಕಟಮ್ಮನ ಬಣ್ಣಗಳಿಗೆ, ಮೂರು ಕಾಲಂ ಚಿನ್ನಪ್ಪನವಕ್ಕೆ. ಮನೆಮನೆಗೂ ಆ ವಾರದ ಲೆಕ್ಕ ತುಂಬಿ, ಮೂಲೆಯಿಂದ ಮೂಲೆಗೆ ಹಾಳೆ ಮಡಚಿ, ನರಸಿಂಹಯ್ಯನವರ ಮುಂದೆ ಕಿಟಕಿಗೆ ಹಿಡಿದಳು.

"ನೋಡಿ ಸಾರ್. ಇವಳೆಷ್ಟು ಎಡವ್ತಾಳೋ ಅವನೂ ಹೆಚ್ಚುಕಡಿಮೆ ಅಷ್ಟೇ. ಎದುರುಬದುರು ಮನೆ ಸರಿಸಮ ಇರ್ಬೇಕು. ಇವಳು ಹಸಿರು ಅವನು ಹಳದಿ, ಹದಿನೆಂಟು. ಉಲ್ಟಾ, ಹದಿನೇಳು. ಹಳದಿ ಕೆಂಪಿನದು ಒಂಬತ್ತು, ಹತ್ತು. ಹಸಿರು ಕೆಂಪಿಗೆ ಮಾತ್ರ ಈ ಕಡೆ ನಲವತ್ತಮೂರು, ಆ ಕಡೆ ಎರಡು!"

"ಅದಕ್ಕೇ ಅಂದಿದ್ದು, ಕಣ್ಣಿಲ್ಲ ಅಂತ."

"ಕಣ್ಣು ಹೋಗಿದ್ರೆ ಹಳದೀಲೂ ಅವನಿಗಿಂತ ಜಾಸ್ತಿ ಎಡವ್ಬೇಕಲ್ವಾ? ಕೂದಲೆಳೆ ಗೀರು ಕಾಣೋಳಿಗೆ ಬಿರುಕು ಕಾಣಲ್ವಾ? ಇದು ಕಣ್ಣಲ್ಲ ಸಾರ್, ಕೈ. ಎರಡು ಮೇಜಿನ ಮಧ್ಯೆ ಯಾರೋ ಒಳ್ಳೇದು ತೆಗೆದು ಗುಜರಿ ಇಟ್ಟಿದಾರೆ."

ಮಧ್ಯೆ ಪೆಟ್ಟಿಗೆ ಸಾಗಿಸುವವನು ಒಬ್ಬನೇ, ಸ್ಟೋರಿನ ಪಾಪಯ್ಯ. ಗುಜರಿ ಕೋಣೆಯ ಬೀಗದ ಕೈಯೂ ಅವನದೇ.

*

"ಬೊಟ್ಟು ಅವ್ಳದೇ ಸಾ," ಪಾಪಯ್ಯ ಹಲ್ಲು ಕಿಸಿದ. "ಬ್ರಶ್ ಬಿಟ್ಟು ಬೆರಳಲ್ಲಿ ಇಡೋಳು ಪೀಣ್ಯದಲ್ಲಿ ಇನ್ಯಾರವ್ರೆ?"

ಅದೂ ನಿಜವೇ. ಕುಂಕುಮ ಇಟ್ಟ ಹಾಗೆ ವೆಂಕಟಮ್ಮ ಉಂಗುರದ ಬೆರಳಲ್ಲೇ ಬಣ್ಣ ಇಡುತ್ತಿದ್ದಳು.

ಅನುಸೂಯಮ್ಮ ಹಸಿರು ಬೊಟ್ಟಿಗೆ ಭೂತಗನ್ನಡಿ ಹಿಡಿದಳು. "ಬೆರಳಿನ ಗೆರೆ ಬಣ್ಣದಲ್ಲೇ ಉಳಿದಿದೆ. ಮಧ್ಯೆ ಅಡ್ಡ ಗಾಯದ ಗುರುತು. ವೆಂಕಟಮ್ಮಾ, ಬೆರಳು ತೋರ್ಸಿ."

ಗಾಯವೇ ಇಲ್ಲ.

"ಪಾಪಯ್ಯ, ನಿಂದು?"

ಪಾಪಯ್ಯನ ಕೈ ಜೇಬಿಗೆ ಹೋಯಿತು. ನರಸಿಂಹಯ್ಯ ಹೊರಗೆಳೆದರು. ಉಂಗುರದ ಬೆರಳಿಗೆ ಅಡ್ಡ ಗಾಯ, ಉಗುರಿನ ಸಂದಿಯಲ್ಲಿ ಹಸಿರು! ಗುಜರಿ ವಾಲ್ವಿನ ಕೆಂಪನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅವಳಂತೆಯೇ ಬೊಟ್ಟಿಡಲು ಹೋಗಿ, ಭೂಪ ತನ್ನ ಬೆರಳನ್ನೇ ಸಾಕ್ಷಿಗೆ ಬಿಟ್ಟಿದ್ದ.

ಗೇಟಿನ ಬಳಿ ಗುಜರಿ ಲಾರಿ ಹೊರಡಲು ನಿಂತಿತ್ತು. ತಗಡುಗಳ ಅಡಿಯಲ್ಲಿ ಹೊಚ್ಚ ಹೊಸ ವಾಲ್ವುಗಳು ಸಿಕ್ಕವು. ಎಣಿಸಿದರೆ ನಲವತ್ತೊಂದು.

"ಇನ್ನೆರಡು ಎಲ್ಲೋ?" ನರಸಿಂಹಯ್ಯ ಪಾಪಯ್ಯನ ಮೇಲೆ ಗುಡುಗಿದರು.

"ಅವೆರಡು ನನ್ನ ತಪ್ಪೇ ಸಾ," ಎಂದಳು ವೆಂಕಟಮ್ಮ. "ಚಿನ್ನಪ್ಪನೂ ಎರಡು ಎಡವವ್ನೆ ತಾನೆ? ಮಡಚಿ ನೋಡಿ, ಸರಿಹೋಯ್ತದೆ."

ಇಡೀ ಷೆಡ್ಡು ಗೊಳ್ಳೆಂದಿತು. ನರಸಿಂಹಯ್ಯ ಕನ್ನಡಕ ತೆಗೆದು ಒರೆಸಿಕೊಂಡರು.

"ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ ವೆಂಕಟಮ್ನೋರೇ. ಕಣ್ಣು ತೋರಿಸ್ಕೋಬೇಕಾದೋನು ನಾನು."